ಎಂಟು ಸೆಟ್ಟಿಗಳ ಊರು ಸೂಡಿ

ರೋಣ ಮತ್ತು ಗಜೇಂದ್ರಗಡಗಳ ನಡುವೆ ಇರುವ ಸೂಡಿ ಇಂದು ಒಂದು ಸಾಧಾರಣ ಹಳ್ಳಿ. ಎರಡು ಶಿಖರಗಳ ಜೋಡು ಕಳಸದ ಗುಡಿ, ಮಲ್ಲಿಕಾರ್ಜುನ ದೇವಾಲಯ, ನಾಗಕುಂಡವೆಂಬ ಮೆಟ್ಟಿಲುಬಾವಿ ಇವನ್ನು ನೋಡಲು ಬಂದವರು ಸಾಮಾನ್ಯವಾಗಿ ಶಿಲ್ಪವನ್ನು ಮೆಚ್ಚಿ ಹಿಂದಿರುಗುತ್ತಾರೆ. ಆದರೆ ಸಾವಿರ ವರ್ಷಗಳ ಹಿಂದೆ ಸೂಂಡಿ ಎನಿಸಿಕೊಂಡಿದ್ದ ಈ ಊರಿನ ನಿಜವಾದ ಸಂಪತ್ತು ಅದರ ಶಾಸನಗಳು. ಅವುಗಳಲ್ಲಿ ದೇವರಿಗಿಂತ ಪೇಟೆಯವರ ಸಂಗತಿಯೇ ಒಮ್ಮೊಮ್ಮೆ ಹೆಚ್ಚು ಸ್ವಾರಸ್ಯಕರ.

ಸೂಂಡಿ ಕಿಸುಕಾಡು ಎಪ್ಪತ್ತು ಎಂಬ ನಾಡಿಗೆ ಸೇರಿತ್ತು. ಗಂಗರ ಬೂತುಗನ ಹೆಸರಿನಲ್ಲಿ, ಶಕ 860ರದೆಂದು ಹೇಳಿಕೊಳ್ಳುವ ತಾಮ್ರಶಾಸನವೊಂದು ಇಲ್ಲಿ ರಾಣಿ ದೀವಳಾಂಬೆ ಬಸದಿ ಕಟ್ಟಿಸಿದಳೆನ್ನುತ್ತದೆ. ಅದು ಕೂಟಶಾಸನವೆಂದು ಫ್ಲೀಟರು ಹೇಳಿದ್ದಾರೆ. ಆದರೂ ಖೋಟಾ ದಾಖಲೆ ಸೃಷ್ಟಿಸುವಷ್ಟು ಬೆಲೆಯುಳ್ಳ ಊರು ಇದಾಗಿತ್ತು ಎಂಬುದಕ್ಕೆ ಅದೇ ಸಾಕ್ಷಿಯಲ್ಲವೇ!

ಊರಿಗೆ ಏಳಿಗೆ ಬಂದದ್ದು ಕಲ್ಯಾಣ ಚಾಲುಕ್ಯರ ಕಾಲದಲ್ಲಿ. ಐದನೆಯ ವಿಕ್ರಮಾದಿತ್ಯನ ತಂಗಿ ಅಕ್ಕಾದೇವಿಯನ್ನು 1010ರ ಸೂಡಿ ಶಾಸನ 'ಗುಣದ ಬೆಡಂಗಿ' ಎಂದು ಹೊಗಳುತ್ತದೆ. ಈಕೆ ಅಂತಃಪುರದ ರಾಜಕುಮಾರಿಯಾಗಿ ಉಳಿದವಳಲ್ಲ. ಮೂವರು ಅರಸರ ಕಾಲದಲ್ಲಿ ನಾಡುಗಳನ್ನಾಳಿದವಳು, ಗೋಕಾಕದ ಕೋಟೆಗೆ ಮುತ್ತಿಗೆ ಹಾಕಿದವಳು. ಕಿಸುಕಾಡು ಆಕೆಯ ಆಳ್ವಿಕೆಗೆ ಸೇರಿತ್ತು.

ಆದರೆ ಅದು ನೆಮ್ಮದಿಯ ಕಾಲವಲ್ಲ. 1007ರಲ್ಲೇ ಚೋಳಸೇನೆ ಈ ನಾಡಿನೊಳಗೆ ನುಗ್ಗಿ ಮಾಡಿದ ಅನಾಹುತವನ್ನು ಹೊಟ್ಟೂರಿನ ಶಾಸನ ಹೇಳುತ್ತದೆ. ಮುಂದೆ ರಾಜಾಧಿರಾಜ ಚೋಳ ಕಲ್ಯಾಣವನ್ನೇ ಸುಲಿದು ದ್ವಾರಪಾಲಕ ವಿಗ್ರಹವನ್ನು ತನ್ನ ನಾಡಿಗೆ ಒಯ್ದ. ಇಂಥ ದಾಳಿಗಳಲ್ಲಿ ಸೂರೆಯಾಗುವುದು ಅರಮನೆಯ ಭಂಡಾರ ಮಾತ್ರವೇ? ಸಂತೆ ನಿಲ್ಲುತ್ತದೆ, ಒಕ್ಕಲು ಚದುರುತ್ತದೆ. ಯಾರಿಗೆ ಯಾವ ಹಕ್ಕು, ಯಾರು ಎಷ್ಟು ಸುಂಕ ಕೊಡಬೇಕು ಎಂಬ ಕಟ್ಟಳೆಯೂ ಕುಸಿಯುತ್ತದೆ.

ಸೂಂಡಿಯಲ್ಲಿ ಆದದ್ದೂ ಅದೇ. 1050ರ ಸುಮಾರಿನ ಶಾಸನವೊಂದರ ಪ್ರಕಾರ, ವಿಕ್ರಮಪುರದಲ್ಲಿ, ಅಂದರೆ ಬಾಗಲಕೋಟೆ ಜಿಲ್ಲೆಯ ಈಗಿನ ಅರಸಿಬೀದಿಯಲ್ಲಿ, ಅಕ್ಕಾದೇವಿಯ ಮಂತ್ರಿಗಳು ಸೂಂಡಿಯ ಎಂಟು ಸೆಟ್ಟಿಗಳಿಗೂ ಎಂಬತ್ತು ಒಕ್ಕಲಿಗೂ ಹಳೆಯ ಕಟ್ಟಳೆಯನ್ನು ಹೊಸದಾಗಿ ಬರೆದುಕೊಟ್ಟರು. ಚೋಳರ ಯುದ್ಧದಿಂದ ಅದು ಶಿಥಿಲವಾಗಿತ್ತೆಂಬುದೇ ಕಾರಣ. ಗಮನಿಸಬೇಕಾದ ಮಾತೆಂದರೆ, ಇಲ್ಲಿ ದಾನ ಪಡೆದದ್ದು ದೇವಾಲಯವಲ್ಲ, ಅಗ್ರಹಾರವಲ್ಲ. ವರ್ತಕರೂ ಮನೆವಂದಿಗರೂ ಕೂಡಿದ ಒಂದು ಸಮೂಹ. ಸಮೂಹಕ್ಕೆ ತನ್ನದೇ ನಿಯಮ ಉಂಟು, ಯುದ್ಧ ಮುರಿದರೂ ಅರಸೊತ್ತಿಗೆ ಅದನ್ನು ಮತ್ತೆ ಊರ್ಜಿತಗೊಳಿಸಬೇಕು ಎಂಬ ತಿಳಿವಳಿಕೆ ಇದರ ಹಿಂದಿದೆ.

ಯೂರೋಪಿನಲ್ಲೂ ಅದೇ ಶತಮಾನಗಳಲ್ಲಿ ಇಂಥ ಊರುಗಳು ತಲೆಯೆತ್ತುತ್ತಿದ್ದವು. ಜರ್ಮನಿಯ ಬ್ರೆಮೆನ್ ಪಟ್ಟಣದಲ್ಲಿ 965ರಲ್ಲಿ ಸಂತೆ, ಟಂಕಸಾಲೆ, ಸುಂಕ ಮೂರೂ ದೊರೆತವು. ಆದರೆ ಚಕ್ರವರ್ತಿ ಒಂದನೆಯ ಒಟ್ಟೋ ಅವನ್ನು ಕೊಟ್ಟದ್ದು ವರ್ತಕರಿಗಲ್ಲ, ಅಲ್ಲಿನ ಆರ್ಚ್‌ಬಿಷಪ್ಪನಿಗೆ. ಕೊಲೋನಿನಲ್ಲಿ 1074ರಲ್ಲಿ ಆರ್ಚ್‌ಬಿಷಪ್ ಆನ್ನೋನ ಆಳುಗಳು ವರ್ತಕನೊಬ್ಬನ ದೋಣಿಯನ್ನು ವಶಪಡಿಸಿಕೊಂಡಾಗ ಊರೇ ದಂಗೆಯೆದ್ದಿತು, ಆತ ಓಡಿಹೋಗಬೇಕಾಯಿತು. ಮರಳಿ ಬಂದು ನಿಷ್ಠುರವಾಗಿ ಶಿಕ್ಷಿಸಿದ. ಸೂಂಡಿಯ ಸೆಟ್ಟಿಗಳಿಗೆ ಬಂಡಾಯದ ಹಾದಿ ಬೇಕಾಗಲಿಲ್ಲ. ಹಾಗೆಂದು ಅವರನ್ನು ಸ್ವತಂತ್ರ ನಾಗರಿಕರೆಂದು ಕೊಂಡಾಡುವುದೂ ಅತಿಶಯವೇ. ಕಟ್ಟಳೆಗೆ ಮುದ್ರೆಯೊತ್ತಿದ್ದು ಅರಸುಮನೆತನವೇ ತಾನೆ?

ಸೂಂಡಿಯಲ್ಲೂ ಟಂಕಸಾಲೆ ಇತ್ತು. ದಕ್ಷಿಣದ ಲೊಕ್ಕಿಗುಂಡಿ, ಅಂದರೆ ಲಕ್ಕುಂಡಿ, ತನ್ನ ಹೆಸರಿನ ಲೊಕ್ಕಿಗದ್ಯಾಣದಿಂದ ಪ್ರಸಿದ್ಧವಾಗಿತ್ತು. ಚಾಲುಕ್ಯ ರಾಜ್ಯದಲ್ಲಿ ನಾಣ್ಯ ಅಚ್ಚಾಗುತ್ತಿದ್ದ ಊರುಗಳ ಸಾಲಿನಲ್ಲಿ ಸೂಂಡಿಯೂ ನಿಲ್ಲುತ್ತದೆ. ಅಕ್ಕಸಾಲೆಯವರಿಗೂ ವರ್ತಕರಿಗೂ ನಂಟು ಸಹಜ: ಚಿನ್ನದ ತೂಕ, ಬೆರಕೆ ಇವುಗಳ ಮೇಲೆ ನಂಬಿಕೆಯಿಲ್ಲದಿದ್ದರೆ ದೂರದ ವ್ಯಾಪಾರಿ ಪೇಟೆಗೆ ಕಾಲಿಡುವುದಿಲ್ಲ.

ಕಟ್ಟಳೆ ನವೀಕರಣವಾಗಿ ಹತ್ತು ವರ್ಷವಾಗುವಷ್ಟರಲ್ಲಿ ಊರು ಚೇತರಿಸಿಕೊಂಡಿರಬೇಕು. 1060ರಲ್ಲಿ ದಂಡನಾಯಕ ನಾಗದೇವ ಇಲ್ಲಿ ನಾಗೇಶ್ವರ ದೇವಾಲಯವನ್ನು ಕಟ್ಟಿಸಿದ. ಅದೇ ಇಂದಿನ ಜೋಡು ಕಳಸದ ಗುಡಿ. ಅದರ ಎರಡು ಗರ್ಭಗುಡಿಗಳು ಒಂದೇ ಮಂಟಪವನ್ನು ಹಂಚಿಕೊಂಡು ಈಗಲೂ ಎದುರುಬದುರಾಗಿ ನಿಂತಿವೆ.