ಸ್ಕೂಟರಿನ ಬಲಮಗ್ಗಲ ಭಾರ

ನಮ್ಮ ಹಳೇ ಸ್ಕೂಟರ್ ಬಲಕ್ಕ ಎಳೀತದ ಅಂತ ನಮ್ಮನಿಯವರು ಅಂತಿದ್ರು. ನಾ ನಂಬಿದ್ದಿಲ್ಲ. ಖರೇನ ಅದ ನೋಡ್ರಿ, ಎಂಜಿನ್ ಇರೂದೇ ಬಲಮಗ್ಗಲಕ್ಕ.

ಇಟಲಿಯ ಪಿಯಾಜಿಯೊ ಕಂಪನಿಗೆ 1946ರಾಗ ವೆಸ್ಪಾ ಮಾಡಿಕೊಟ್ಟಾಂವ ಕೊರಾದಿನೊ ದಾಸ್ಕಾನಿಯೊ, ವಿಮಾನದ ಎಂಜಿನಿಯರ್. ಅವಂಗ ಮೋಟರ್‌ಸೈಕಲ್ ಅಂದ್ರ ಸೇರ್ತಿದ್ದಿಲ್ಲ. ಅರಿವಿಗೆ ಎಣ್ಣಿ ಹತ್ತಬಾರ್ದು, ಮುಂದ ಕಾಲಿಡ್ಲಿಕ್ಕೆ ಜಾಗ ಇರಬೇಕು ಅಂತ ಎಂಜಿನ್ ಒಯ್ದು ಹಿಂದಿನ ಗಾಲಿ ಬಾಜೂಕ ಕೂಡಿಸಿದ. ಬಜಾಜ್‌ನವರು ಮೊದಲು ಅವರ ಲೈಸೆನ್ಸ್ ಮ್ಯಾಲೆ ವೆಸ್ಪಾನೇ ಮಾಡ್ತಿದ್ರು. 1972ರ ಚೇತಕ್‌ಗೂ ಅದೇ ಮೈಕಟ್ಟು. ಸೀರಿ ಉಟ್ಟು ಎಡಕ್ಕ ಕಾಲು ಇಳಿಬಿಟ್ಟು ಕೂಡೋ ನಮ್ಮಿಂದನ ತೂಕ ಸರಿ ಆಗ್ತಿತ್ತು ಅಂತ ನಂದೊಂದು ಲೆಕ್ಕ. ಇವರು ನಗ್ತಾರ, ನಗಲಿ.

ಆದ್ರ ಎತ್ತರದ ಭಾರದ ಮುಂದ ಎಡ ಬಲ ಏನೂ ಅಲ್ರಿ. ಸಿಲಿಂಡರಿನಾಗ ಗ್ಯಾಸೇ 14.2 ಕಿಲೋ, ಡಬ್ಬಿ ಸೇರಿ ಹತ್ತತ್ರ 30. ಒಮ್ಮೆ ಅದನ್ನ ಹಿಂದಿನ ಸೀಟಿನ ಮ್ಯಾಲೆ ನಿಲ್ಲಿಸಿ ಕಟ್ಟಿಕೊಂಡು ಬಂದ್ರು. ಓಣಿ ತಿರುವಿನಾಗ ಮೆಲ್ಲಗ ಹೊಳ್ಳೂಮುಂದ ಗಾಡಿ ಒಂಚೂರು ವಾಲ್ತು. ಕಾಲು ಕೊಟ್ರೂ ತಡೀಲಿಕ್ಕಾಗಲಿಲ್ಲ. ಮೊಣಕೈ ಮುರೀತು, ಮೂರು ತಿಂಗಳು ನಾನೇ ಅನ್ನ ಕಲಿಸಿ ಕೊಟ್ಟೆ.

ಆಮ್ಯಾಲೆ ಸಿಲಿಂಡರ್ ಮುಂದ ಕಾಲಿಡೋ ಜಾಗದಾಗ ಬರ್ತಿತ್ತು, ಕಾಯಿಪಲ್ಲೆ ಚೀಲ ನನ್ನ ತೊಡಿ ಮ್ಯಾಲೆ.