ಹೃದ್ರೋಗ ಚಿಕಿತ್ಸೆ: ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆ

ಚಾಮರಾಜನಗರ ಜಿಲ್ಲೆಯ ಈ ಮೂರು ತಾಲ್ಲೂಕುಗಳಲ್ಲಿ ಹೃದಯದ ಕಾಯಿಲೆಗೆ ಮದ್ದು ನಡೆದುಬಂದ ಚರಿತ್ರೆಯನ್ನು ರಸ್ತೆಯ ಉದ್ದದಿಂದಲೇ ಅಳೆಯಬೇಕು. ಮಲೆ ಮಹದೇಶ್ವರ ಬೆಟ್ಟದಿಂದ ಕೊಳ್ಳೇಗಾಲಕ್ಕೆ ಸುಮಾರು 80 ಕಿ.ಮೀ.; ಅಲ್ಲಿಂದ ಮೈಸೂರಿನ ದೊಡ್ಡಾಸ್ಪತ್ರೆಗಳಿಗೆ ಮತ್ತೆ 60ಕ್ಕೂ ಹೆಚ್ಚು.

1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಕೊಳ್ಳೇಗಾಲ ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು, ಹನೂರು ಅದರೊಳಗೇ ಇತ್ತು. ದಿವಾನ್ ಪೂರ್ಣಯ್ಯನವರ ಜಹಗೀರಾಗಿದ್ದ ಯಳಂದೂರು ಮೈಸೂರಿನದು. ಹನೂರು ಪ್ರತ್ಯೇಕ ತಾಲ್ಲೂಕಾದದ್ದು ತೀರ ಈಚೆಗೆ, 2018ರಲ್ಲಿ. ಹಳೆಯ ಕಾಲದ ವೈದ್ಯರಿಗೆ ಕಾಡಂಚಿನ ಜ್ವರ, ಹೆರಿಗೆಗಳೇ ಕೈತುಂಬ ಕೆಲಸ. ಎದೆಗೆ ಸ್ಟೆತಾಸ್ಕೋಪ್ ಇಟ್ಟಾಗ ಕೇಳಿಸುತ್ತಿದ್ದ ದೋಷ ಹೆಚ್ಚಾಗಿ ಎಳೆವಯಸ್ಸಿನ ಕೀಲುವಾತ ಜ್ವರದಿಂದ ಕೆಟ್ಟ ಕವಾಟದ್ದು. ಅದಕ್ಕೆ ಮೂರು ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚುಮದ್ದು, ಅದೂ ವರ್ಷಗಟ್ಟಲೆ. ದೊಡ್ಡ ಯಂತ್ರವೇನೂ ಬೇಡದ ಈ ಚಿಕಿತ್ಸೆ ಕೈಕೊಡುತ್ತಿದ್ದುದು ರೋಗಿ ಬಸ್ಸು ಹತ್ತಿ ಮತ್ತೆ ಬಾರದಿದ್ದಾಗ.

ಮತ್ತೆ ಬರುವಂತೆ ಮಾಡುವ ವಿದ್ಯೆಯನ್ನು ಈ ಸೀಮೆ ಕಲಿತದ್ದು ಕುಷ್ಠರೋಗದಿಂದ ಎನ್ನಬಹುದು. ಡಾ. ಎಚ್. ಸುದರ್ಶನ್ 1981ರಲ್ಲಿ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ನಡುವೆ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಆರಂಭಿಸಿದರು. ಅವರೇ 1986ರಲ್ಲಿ ಹುಟ್ಟುಹಾಕಿದ ಕರುಣಾ ಟ್ರಸ್ಟ್ ಯಳಂದೂರು ತಾಲ್ಲೂಕಿನಲ್ಲಿ ಮೊದಲು ಕೈಹಾಕಿದ್ದು ಕುಷ್ಠದ ಪತ್ತೆಗೆ: ಮನೆಮನೆಗೆ ಹೋಗುವುದು, ಗುಳಿಗೆ ನಿಲ್ಲಿಸಿದವರನ್ನು ಹುಡುಕಿ ಹಿಡಿಯುವುದು. 1996ರಲ್ಲಿ ಗುಂಬಳ್ಳಿಯ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರವೇ ಅದರ ಉಸ್ತುವಾರಿಗೆ ಬಂತು. ರಕ್ತದೊತ್ತಡದ ರೋಗಿಗೂ ಬೇಕಾದದ್ದು ಇದೇ ಬೆನ್ನುಹತ್ತುವಿಕೆ. ನೋವಿಲ್ಲದವನಿಗೆ ದಿನಾ ಗುಳಿಗೆ ನುಂಗಿಸುವುದು ಹೃದ್ರೋಗ ಶಸ್ತ್ರಚಿಕಿತ್ಸೆಗಿಂತ ಸುಲಭವೆಂದು ತಿಳಿದವರು ಹಳ್ಳಿಯಲ್ಲಿ ಕೆಲಸ ಮಾಡಿದವರಲ್ಲ. 'ಬಿ.ಪಿ. ಇಳೀತು, ಬಿಟ್ಬುಟ್ಟೆ' ಎಂಬ ಮಾತನ್ನು ಕೇಳದ ದಾದಿ ಇಲ್ಲ. ಕೇಂದ್ರ ಸರ್ಕಾರ ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿದ್ದು 2010ರಲ್ಲಿ. ಮುಂದೆ 30 ದಾಟಿದವರೆಲ್ಲರ ಒತ್ತಡ, ಸಕ್ಕರೆ ನೋಡುವುದು ಪ್ರಾಥಮಿಕ ಕೇಂದ್ರಗಳ ನಿತ್ಯದ ಕೆಲಸವಾಯಿತು.

ರೋಗ ಗುರುತಿಸುವಲ್ಲಿ ದೊಡ್ಡ ತೊಡಕು ಒಂದು ಪದ: ಗ್ಯಾಸ್ಟ್ರಿಕ್. ಎದೆ ಹಿಡಿದುಕೊಂಡರೆ ಸೋಡಾ ಕುಡಿದು ಬೆಳಗಿನವರೆಗೆ ಕಾಯುವವರು ಈಗಲೂ ಇದ್ದಾರೆ. ತಾಳಬೆಟ್ಟದಿಂದ ಮಾದಪ್ಪನ ಗುಡಿಗೆ ಬರಿಗಾಲಲ್ಲಿ ಹತ್ತುವ ಹರಕೆಯವರಲ್ಲಿ, ಏರಿನಲ್ಲಿ ಬಂದು ಕೂತೊಡನೆ ಇಳಿಯುವ ಎದೆಬಿಗಿತ ರಕ್ತನಾಳ ಕಿರಿದಾದುದರ ಹಳೆಯ ಗುರುತು. ಉಣ್ಣುವುದಕ್ಕೂ ಅದಕ್ಕೂ ನಂಟಿಲ್ಲ. ಸಕ್ಕರೆ ಕಾಯಿಲೆಯವರಿಗೂ ಹಲವು ಹೆಂಗಸರಿಗೂ ನೋವೇ ಕಾಣದೆ ಬರೀ ಬೆವರು, ಸುಸ್ತು, ಏದುಸಿರು ಇರಬಹುದು. ಆದ್ದರಿಂದ ವೈದ್ಯನ ಊಹೆಗಿಂತ ಇಸಿಜಿಯ ಗೆರೆ ಮೇಲು, ಒಮ್ಮೆ ಸರಿಯಿದ್ದರೂ ನೋವು ನಿಲ್ಲದಿದ್ದರೆ ಮತ್ತೊಮ್ಮೆ ತೆಗೆಯಬೇಕು.

ರಕ್ತನಾಳ ಪೂರ್ತಿ ಮುಚ್ಚಿದ ಹೃದಯಾಘಾತಕ್ಕೆ ಆಂಜಿಯೋಪ್ಲಾಸ್ಟಿ ಉತ್ತಮ, ಆದರೆ 120 ನಿಮಿಷದೊಳಗೆ ಆಗುವುದಾದರೆ. ಬೆಟ್ಟದ ತಿರುವುಗಳಿಂದ ಹೊರಟವನಿಗೆ ಆ ಲೆಕ್ಕ ಕೂಡಿಬರುವುದಿಲ್ಲ. 2008ರಲ್ಲಿ 108 ಆಂಬುಲೆನ್ಸ್ ಬಂತು, ಆಮೇಲೆ ಮೈಸೂರಿನಲ್ಲೇ ಜಯದೇವ ಆಸ್ಪತ್ರೆಯ ಶಾಖೆ ಬಂದು ಬೆಂಗಳೂರಿನ ಹಾದಿ ತಪ್ಪಿತು. ಬೆಟ್ಟದ ದೂರ ಮಾತ್ರ ಅಷ್ಟೇ ಉಳಿಯಿತು. ಹೀಗಾಗಿ ಹೆಪ್ಪು ಕರಗಿಸುವ ಮದ್ದೇ ರೋಗಿಯ ಹತ್ತಿರ ಬರಬೇಕಿತ್ತು. ಆಸ್ಪಿರಿನ್ ಮತ್ತು ಸ್ಟ್ರೆಪ್ಟೋಕೈನೇಸ್ ಜೊತೆಯಾಗಿ ಜೀವ ಉಳಿಸುತ್ತವೆಂದು ಐಸಿಸ್-2 ಅಧ್ಯಯನ 1988ರಲ್ಲೇ ತೋರಿಸಿತ್ತು. ಕರ್ನಾಟಕ ಸರ್ಕಾರ 2023ರಲ್ಲಿ ಆರಂಭಿಸಿದ ಯೋಜನೆಯಲ್ಲಿ ಜಿಲ್ಲಾ, ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ಕೇಂದ್ರದ ತಜ್ಞರು ಓದುತ್ತಾರೆ. ಆಘಾತ ಖಚಿತವಾದರೆ ದುಬಾರಿ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಟ್ಟು, ಆಮೇಲೆ ದೊಡ್ಡಾಸ್ಪತ್ರೆಗೆ ಕಳಿಸುತ್ತಾರೆ.

ಯೋಜನೆಯ ಹೆಸರು ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ. 2021ರ ಅಕ್ಟೋಬರ್ 29ರಂದು 46ನೆಯ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡ ಆ ನಟ, ಇದೇ ಸೀಮೆಯ ಸಿಂಗಾನಲ್ಲೂರಿನ ಹೆಸರು ಹೊತ್ತಿದ್ದ ರಂಗನಟ ಪುಟ್ಟಸ್ವಾಮಯ್ಯನವರ ಮೊಮ್ಮಗ.