ದೇಹದ ಕೊಬ್ಬಿನ ಹಾರ್ಮೋನುಗಳು ಮತ್ತು ಮರೆಗುಳಿ ಕಾಯಿಲೆ

ಪೀಠಿಕೆ

ಮರೆಗುಳಿ ಕಾಯಿಲೆಯು ವೃದ್ಧಾಪ್ಯದ ಸಹಜ ಲಕ್ಷಣವಲ್ಲ. ಮೆದುಳಿನ ಜೀವಕೋಶಗಳಿಗೆ ಹಾನಿಯುಂಟಾಗಿ ನೆನಪು, ವಿಚಾರಶಕ್ತಿ, ಮಾತು ಹಾಗೂ ದೈನಂದಿನ ಕೆಲಸಗಳನ್ನು ನಿರ್ವಹಿಸುವ ಸಾಮರ್ಥ್ಯ ಕ್ರಮೇಣ ಕುಂದುವ ಸ್ಥಿತಿಯನ್ನು ಡಿಮೆನ್ಷಿಯಾ ಅಥವಾ ಮರೆಗುಳಿ ಕಾಯಿಲೆ ಎಂದು ಕರೆಯಲಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2021ರಲ್ಲಿ ಜಗತ್ತಿನಾದ್ಯಂತ 5.7 ಕೋಟಿ ಜನರಿಗೆ ಈ ಕಾಯಿಲೆ ಇತ್ತು. ಇಂತಹ ಪ್ರಕರಣಗಳಲ್ಲಿ ಶೇ. 60ರಿಂದ 70ರಷ್ಟಕ್ಕೆ ಆಲ್‌ಝೈಮರ್ ಕಾಯಿಲೆ ಕಾರಣವಾಗಿರಬಹುದು. ಭಾರತದಲ್ಲಿ 60 ವರ್ಷ ಮತ್ತು ಅದಕ್ಕೂ ಹೆಚ್ಚು ವಯಸ್ಸಿನವರ ಪೈಕಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರು ಈ ಕಾಯಿಲೆಗೆ ತುತ್ತಾಗಿದ್ದಾರೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವು ಅಂದಾಜಿಸಿದೆ.

ಕೊಬ್ಬು ಕೇವಲ ಉಗ್ರಾಣವಲ್ಲ

ದೇಹದ ಕೊಬ್ಬು ಶಕ್ತಿಯನ್ನು ಕೂಡಿಡುವ ಉಗ್ರಾಣ ಮಾತ್ರ ಎಂದು ಹಿಂದೆ ಭಾವಿಸಲಾಗಿತ್ತು. 1994ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ಮತ್ತು ಸಹೋದ್ಯೋಗಿಗಳು ಲೆಪ್ಟಿನ್ ಹಾರ್ಮೋನಿನ ವಂಶವಾಹಿಯನ್ನು ಗುರುತಿಸಿದ ನಂತರ ಈ ಅಭಿಪ್ರಾಯ ಬದಲಾಯಿತು. ಕೊಬ್ಬಿನ ಅಂಗಾಂಶವು ಹಲವು ಹಾರ್ಮೋನುಗಳನ್ನು ರಕ್ತಕ್ಕೆ ಸ್ರವಿಸುತ್ತದೆ. ಅವುಗಳಲ್ಲಿ ಎರಡು ಮುಖ್ಯವಾದವು:

1. ಲೆಪ್ಟಿನ್: ಕೊಬ್ಬು ಹೆಚ್ಚಿದಂತೆ ಇದರ ಪ್ರಮಾಣವೂ ಹೆಚ್ಚುತ್ತದೆ. ಇದು ಮೆದುಳಿನ ಹೈಪೋಥಲಾಮಸ್ ಭಾಗವನ್ನು ತಲುಪಿ ಹಸಿವನ್ನು ತಗ್ಗಿಸುವ ಸಂದೇಶ ನೀಡುತ್ತದೆ. ನೆನಪಿಗೆ ಸಂಬಂಧಿಸಿದ ಹಿಪ್ಪೊಕ್ಯಾಂಪಸ್ ಭಾಗದಲ್ಲಿಯೂ ಲೆಪ್ಟಿನ್ ಗ್ರಾಹಕಗಳಿವೆ.

2. ಅಡಿಪೊನೆಕ್ಟಿನ್: ಇದು ಇನ್ಸುಲಿನ್ ಸಮರ್ಪಕವಾಗಿ ಕೆಲಸ ಮಾಡಲು ನೆರವಾಗುತ್ತದೆ. ಬೊಜ್ಜು ಹೆಚ್ಚಿದಾಗ ಇದರ ಪ್ರಮಾಣ ಸಾಮಾನ್ಯವಾಗಿ ಕಡಿಮೆಯಾಗುತ್ತದೆ.

ಫ್ರೇಮಿಂಗ್‌ಹ್ಯಾಮ್ ಅಧ್ಯಯನ

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಫ್ರೇಮಿಂಗ್‌ಹ್ಯಾಮ್ ಪಟ್ಟಣದಲ್ಲಿ 1948ರಲ್ಲಿ ಹೃದಯ ಆರೋಗ್ಯದ ದೀರ್ಘಕಾಲೀನ ಅಧ್ಯಯನ ಆರಂಭವಾಯಿತು. ಇದರಲ್ಲಿ ಪಾಲ್ಗೊಂಡ, ಮರೆಗುಳಿ ಕಾಯಿಲೆ ಇಲ್ಲದ 785 ವೃದ್ಧರ ಲೆಪ್ಟಿನ್ ಪ್ರಮಾಣವನ್ನು 1990ರಿಂದ 1994ರ ಅವಧಿಯಲ್ಲಿ ಅಳೆಯಲಾಯಿತು. 2009ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಲೆಪ್ಟಿನ್ ಅತಿ ಕಡಿಮೆ ಇದ್ದ ಗುಂಪಿನಲ್ಲಿ 12 ವರ್ಷಗಳಲ್ಲಿ ಆಲ್‌ಝೈಮರ್ ತಗಲುವ ಸಂಭವ ಶೇ. 25ರಷ್ಟಿದ್ದರೆ, ಅತಿ ಹೆಚ್ಚು ಇದ್ದ ಗುಂಪಿನಲ್ಲಿ ಅದು ಕೇವಲ ಶೇ. 6ರಷ್ಟಿತ್ತು. ಆದರೆ ಬೊಜ್ಜು ಇದ್ದವರಲ್ಲಿ ಈ ಸಂಬಂಧ ಕಂಡುಬರಲಿಲ್ಲ.

ಅದೇ ಊರಿನ ಅಧ್ಯಯನದಿಂದ 2012ರಲ್ಲಿ ಅನಿರೀಕ್ಷಿತ ಫಲಿತಾಂಶವೊಂದು ಹೊರಬಂದಿತು. ರಕ್ಷಕವೆಂದು ಭಾವಿಸಲಾಗಿದ್ದ ಅಡಿಪೊನೆಕ್ಟಿನ್ ಹೆಚ್ಚಾಗಿದ್ದ ಮಹಿಳೆಯರಲ್ಲಿ ಮರೆಗುಳಿ ಕಾಯಿಲೆಯ ಅಪಾಯವೂ ಹೆಚ್ಚಾಗಿತ್ತು.

ಬೊಜ್ಜಿನಿಂದ ಲಾಭವಿದೆಯೇ?

ಲೆಪ್ಟಿನ್ ಹೆಚ್ಚಿದ್ದರೆ ಒಳ್ಳೆಯದು, ಆದ್ದರಿಂದ ಕೊಬ್ಬು ಹೆಚ್ಚಿರಲಿ ಎಂಬ ತೀರ್ಮಾನ ತಪ್ಪಾಗುತ್ತದೆ. ಇದಕ್ಕೆ ಎರಡು ಕಾರಣಗಳಿವೆ.

ಮೊದಲನೆಯದಾಗಿ, ಬೊಜ್ಜು ಇರುವವರ ರಕ್ತದಲ್ಲಿ ಲೆಪ್ಟಿನ್ ಧಾರಾಳವಾಗಿದ್ದರೂ ಮೆದುಳು ಅದರ ಸಂದೇಶಕ್ಕೆ ಸರಿಯಾಗಿ ಸ್ಪಂದಿಸುವುದಿಲ್ಲ. ಇದನ್ನು ಲೆಪ್ಟಿನ್ ಪ್ರತಿರೋಧ ಎನ್ನುತ್ತಾರೆ.

ಎರಡನೆಯದಾಗಿ, ಕಾಯಿಲೆಯ ಲಕ್ಷಣಗಳು ಕಾಣಿಸಿಕೊಳ್ಳುವುದಕ್ಕೆ ಬಹು ಮೊದಲೇ ತೂಕ ಇಳಿಯತೊಡಗುತ್ತದೆ. ಲಂಡನ್ನಿನ ಸರ್ಕಾರಿ ನೌಕರರನ್ನು 28 ವರ್ಷಗಳ ಕಾಲ ಗಮನಿಸಿದ ವೈಟ್‌ಹಾಲ್ ಅಧ್ಯಯನದ ಪ್ರಕಾರ, 50ನೇ ವಯಸ್ಸಿನಲ್ಲಿ ಬೊಜ್ಜು ಇದ್ದವರಿಗೆ ಮರೆಗುಳಿ ಕಾಯಿಲೆಯ ಅಪಾಯ ಹೆಚ್ಚಾಗಿತ್ತು. ಆದರೆ ಕಾಯಿಲೆ ಬಂದವರ ದೇಹ ತೂಕ ಸೂಚ್ಯಂಕವು ರೋಗ ಪತ್ತೆಗೆ ಸುಮಾರು 8 ವರ್ಷ ಮೊದಲಿನಿಂದಲೇ ಇತರರಿಗಿಂತ ಕಡಿಮೆಯಾಗಿತ್ತು. ಆದ್ದರಿಂದ ವೃದ್ಧಾಪ್ಯದಲ್ಲಿ ಕಾಣುವ ಕಡಿಮೆ ಲೆಪ್ಟಿನ್ ಅಥವಾ ಹೆಚ್ಚಿನ ಅಡಿಪೊನೆಕ್ಟಿನ್ ಕಾಯಿಲೆಯ ಕಾರಣವಾಗಿರದೆ, ಅದರ ಆರಂಭಿಕ ಪರಿಣಾಮವೂ ಆಗಿರಬಹುದು. ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಲೆಪ್ಟಿನ್ ನೆನಪಿಗೆ ಅನುಕೂಲಕರವಾಗಿ ಕಂಡಿದ್ದರೂ, ಮನುಷ್ಯರಲ್ಲಿ ಈ ಕಾಯಿಲೆಗೆ ಅದು ಅಂಗೀಕೃತ ಚಿಕಿತ್ಸೆಯಲ್ಲ.

ಸಾರ್ವಜನಿಕರು ಗಮನಿಸಬೇಕಾದ ಅಂಶಗಳು

• ಲೆಪ್ಟಿನ್ ಅಥವಾ ಅಡಿಪೊನೆಕ್ಟಿನ್ ರಕ್ತಪರೀಕ್ಷೆಯಿಂದ ಮರೆಗುಳಿ ಕಾಯಿಲೆಯನ್ನು ಪತ್ತೆ ಮಾಡಲು ಸಾಧ್ಯವಿಲ್ಲ. ಈ ಉದ್ದೇಶಕ್ಕಾಗಿ ಹಣ ವ್ಯಯಿಸುವ ಅಗತ್ಯವಿಲ್ಲ.

• ಲೆಪ್ಟಿನ್ ಹೆಸರಿನಲ್ಲಿ ಮಾರಾಟವಾಗುವ ಮಾತ್ರೆ, ಪುಡಿಗಳು ನೆನಪಿನ ಶಕ್ತಿಯನ್ನು ಕಾಪಾಡುತ್ತವೆ ಎಂಬುದಕ್ಕೆ ಆಧಾರವಿಲ್ಲ.

• ನಡುವಯಸ್ಸಿನಲ್ಲಿ ತೂಕವನ್ನು ಹತೋಟಿಯಲ್ಲಿಡಬೇಕು. ಭಾರತೀಯರಲ್ಲಿ ಸೊಂಟದ ಸುತ್ತಳತೆ ಪುರುಷರಿಗೆ 90 ಸೆಂ.ಮೀ., ಮಹಿಳೆಯರಿಗೆ 80 ಸೆಂ.ಮೀ. ಮೀರದಿರುವುದು ಒಳಿತು.

• ವಯಸ್ಸಾದವರು ಪ್ರಯತ್ನಿಸದೆಯೇ ತೂಕ ಕಳೆದುಕೊಳ್ಳುತ್ತಿದ್ದರೆ "ವಯಸ್ಸಾಯಿತು" ಎಂದು ನಿರ್ಲಕ್ಷಿಸಬಾರದು. ಮರೆವು, ದಾರಿ ತಪ್ಪುವುದು, ಹಣದ ಲೆಕ್ಕದಲ್ಲಿ ಗೊಂದಲ ಇವೂ ಜೊತೆಗಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ತೂಕ ಇಳಿಯಲು ಮಧುಮೇಹ, ಥೈರಾಯ್ಡ್ ತೊಂದರೆ, ಕ್ಷಯ, ಖಿನ್ನತೆ ಮುಂತಾದವೂ ಕಾರಣವಾಗಬಹುದು. ಇವುಗಳಿಗೆ ಚಿಕಿತ್ಸೆ ಇದೆ.

• ವೃದ್ಧರು ವೈದ್ಯರ ಸಲಹೆ ಇಲ್ಲದೆ ಕಠಿಣ ಪಥ್ಯ ಅಥವಾ ದೀರ್ಘ ಉಪವಾಸ ಕೈಗೊಳ್ಳಬಾರದು.

2024ರಲ್ಲಿ ಲ್ಯಾನ್ಸೆಟ್ ಆಯೋಗವು ಬದಲಾಯಿಸಬಹುದಾದ 14 ಅಪಾಯಾಂಶಗಳನ್ನು ಪಟ್ಟಿ ಮಾಡಿದೆ. ಬೊಜ್ಜು, ರಕ್ತದೊತ್ತಡ, ಮಧುಮೇಹ, ಧೂಮಪಾನ, ಶ್ರವಣದೋಷ, ದೈಹಿಕ ಚಟುವಟಿಕೆಯ ಕೊರತೆ ಇವುಗಳಲ್ಲಿ ಸೇರಿವೆ. ಇವೆಲ್ಲವನ್ನೂ ನಿವಾರಿಸಿದಲ್ಲಿ ಮರೆಗುಳಿ ಕಾಯಿಲೆಯ ಸುಮಾರು ಶೇ. 45ರಷ್ಟು ಪ್ರಕರಣಗಳನ್ನು ತಡೆಯಲು ಅಥವಾ ಮುಂದೂಡಲು ಸಾಧ್ಯವೆಂದು ಆಯೋಗ ಅಂದಾಜಿಸಿದೆ. ಕೊಬ್ಬಿನ ಹಾರ್ಮೋನುಗಳ ಕುರಿತ ಸಂಶೋಧನೆ ಮುಂದುವರಿದಿದ್ದು, ಈ ಅಪಾಯಾಂಶಗಳ ಬಗ್ಗೆ ಇಂದೇ ಎಚ್ಚರ ವಹಿಸುವುದು ಪ್ರತಿ ಕುಟುಂಬದ ಕೈಯಲ್ಲಿದೆ.